ಹಿಮ್ಮುಖ ಓಟದಲ್ಲಿ ಮೂರನೆಯವಳು

ಡ್ಯೂರ್ನೆ
೧೭ ಜೂನ್ ೨೦೨೪

ಪ್ರೀತಿಯ ಟ್ರೂಸ್,

ಈಸ್ಟರ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ ಮಾರಾಯ್ತಿ. ಸಮುದ್ರದ ಗಾಳಿಗೆ ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆಯ ಕಾಫಿ ಇನ್ನೂ ಕಲಗಚ್ಚಿನ ಹಾಗೇ ಇದೆಯಾ? ನಾನು ಚೆನ್ನಾಗಿದ್ದೇನೆ. ಆ ಮಾತನ್ನು ಸುಳ್ಳಿಲ್ಲದೆ ಬರೆಯುವ ದಿನ ಬರಲಿ ಎಂದೇ ಇಷ್ಟು ತಡ ಮಾಡಿದೆ ಅಂತ ಇಟ್ಟುಕೋ.

ಮೊದಲು ಸುದ್ದಿ. ನಮ್ಮ ಡಾಫ್ ಕಾರಿನ ಕ್ಲಬ್ಬು ಉಳಿಯಿತು! ನಿನ್ನೆ ಐವತ್ತನೇ ವರ್ಷದ ಹಬ್ಬ. ಅಧ್ಯಕ್ಷ ಡ್ರೀಕ್ ಎದ್ದು ನಿಂತು ಕ್ಲಬ್ಬಿನ ಚರಿತ್ರೆ ಹೇಳಿದ. ಪೇಲ್ ಸೀಮೆಯ ಏಳು ಗಂಡಸರು, ಒಂದು ಹಂದಿ ಕೊಟ್ಟಿಗೆ, ಒಂದು ಪೆಟ್ಟಿಗೆ ಬಿಯರ್. ಅಷ್ಟು ಹೇಳಿ ಕೂತುಬಿಟ್ಟ. ಕ್ಲಬ್ಬು ಯಾಕೆ ಹುಟ್ಟಿತು ಅನ್ನುವುದನ್ನು ನುಂಗಿಕೊಂಡ, ಕಳ್ಳ.

ನಿನಗೆ ಗೊತ್ತಲ್ಲ. ಡಾಫ್‌ನಲ್ಲಿ ಗೇರು ಹಾಕುವ ಕಷ್ಟವಿಲ್ಲ, ಬೆಲ್ಟಿನ ಮೇಲೆ ತಾನೇ ಓಡುತ್ತದೆ, ಅದು ಹೆಂಗಸರ ಕಾರು ಎಂದು ಊರೆಲ್ಲ ಆಡಿಕೊಂಡು ನಗುತ್ತಿತ್ತು. ನಮ್ಮ ಗಂಡಂದಿರಿಗೆ ಅದು ಚುಚ್ಚಿತು. ಅದಕ್ಕೇ ಕ್ಲಬ್ಬು ಕಟ್ಟಿದರು, ಅದಕ್ಕೇ ಮೊದಲನೇ ನಿಯಮ ಮಾಡಿದರು: ಕ್ಲಬ್ಬಿನವರ ಡಾಫ್ ಅನ್ನು ಹೆಂಗಸು ಓಡಿಸಕೂಡದು. ಮುಂದಕ್ಕೆ ಹೋದಷ್ಟೇ ಜೋರಾಗಿ ಹಿಂದಕ್ಕೂ ಹೋಗುವ ಗಾಡಿ ಅಲ್ಲವೇ, ವರ್ಷಕ್ಕೊಮ್ಮೆ ಹಿಮ್ಮುಖ ಓಟ ಇಟ್ಟು ಮೀಸೆ ತಿರುವಿದರು. ನಾವು ಸಾಸೇಜ್ ಬ್ರೆಡ್ ಸುಟ್ಟೆವು, ಬಾವುಟ ಬೀಸಿದೆವು. ಬೇಕರಿ ವ್ಯಾನಿನಲ್ಲಿ ಇಪ್ಪತ್ತು ವರ್ಷ ಊರೂರಿಗೆ ಬ್ರೆಡ್ ಹಾಕಿದವಳು ನಾನು, ಗೇರು ಎಳೆದೂ ಎಳೆದೂ ಭುಜ ಸವೆಸಿಕೊಂಡವಳು. ನಮ್ಮ ಡಾಫ್‌ನಲ್ಲಿ ಮಾತ್ರ ಗಂಡ ನೋಲ್‌ನ ಪಕ್ಕದಲ್ಲಿ ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕೂರುತ್ತಿದ್ದೆ.

ಮಾರ್ಚಿನಲ್ಲಿ ಡ್ರೀಕ್ ಮನೆಗೆ ಬಂದ. ಮುಖ ಹರಳೆಣ್ಣೆ ಕುಡಿದ ಹಾಗಿತ್ತು. ಒಬ್ಬ ಕಣ್ಣಿನ ದೆಸೆಯಿಂದ ಲೈಸೆನ್ಸು ಕಳೆದುಕೊಂಡು ಗಾಡಿ ಮಾರಿದ, ಇನ್ನೊಬ್ಬನೂ ಮಾರಿದ. ಓಟಕ್ಕೆ ನಾಲ್ಕು ಗಾಡಿಯಾದರೂ ಬೇಕು, ಉಳಿದಿರುವುದು ಮೂರೇ. ಓಟ ನಡೆಯದಿದ್ದರೆ ಕ್ಲಬ್ಬು ಮುಚ್ಚುವುದು ಎಂದು ತೀರ್ಮಾನವಾಗಿತ್ತಂತೆ.

"ಒಂದಿನದ ಮಟ್ಟಿಗೆ ನೋಲ್ ಬಿಟ್ಟುಹೋದ ಗಾಡಿ ಕೊಡು, ರೀಟ್. ಪೀರ್ ಓಡಿಸ್ತಾನೆ," ಎಂದ. ಪೀರ್‌ನನ್ನು ಮರೆತಿಲ್ಲ ತಾನೆ, ಆ ಹಠಮಾರಿ ಮುದುಕನನ್ನು?

"ಅವನಿಗೆ ಕತ್ತು ಹಿಂದಕ್ಕೆ ತಿರುಗುತ್ತಾ?"

"ಒಂಚೂರು ತಿರುಗುತ್ತೆ."

"ನಂದು ಪೂರ್ತಿ ತಿರುಗುತ್ತೆ. ಗಾಡಿ ಬೇಕಿದ್ರೆ ಓಡ್ಸೋಕೆ ನಾನೇ ಬರ್ತೀನಿ."

"ಅಯ್ಯೋ, ನಿಯಮ ಇದೆಯಲ್ಲಮ್ಮಾ!"

"ಆ ನಿಯಮಾನ ಉಪ್ಪಿನಕಾಯಿ ಹಾಕ್ಕೋ," ಎಂದೆ.

ಸಭೆಯಲ್ಲಿ ಪೀರ್ ಕುಣಿದಾಡಿದನಂತೆ. "ಹೆಂಗಸು ಓಡಿಸಿದ್ರೆ ಊರವರು, ಇದು ಹೆಂಗಸರ ಕಾರು ಅಂತ ಅವತ್ತೇ ಹೇಳಿರಲಿಲ್ವಾ ಅಂತಾರೆ!" ಡ್ರೀಕ್ ಹೇಳಿದನಂತೆ, "ಯಾವ ಊರವರಪ್ಪಾ? ಎಲ್ಲ ಚರ್ಚಿನ ಹಿಂದೆ ಮಣ್ಣಲ್ಲಿ ಮಲಗಿದಾರಲ್ಲೋ." ಒಂದೇ ಒಂದು ಮತದ ಅಂತರದಲ್ಲಿ ನಿಯಮ ಬಿತ್ತು.

ಆಮೇಲೆ ಶುರುವಾಯಿತು ನನ್ನ ಫಜೀತಿ. ಜಂಬ ಕೊಚ್ಚಿದ್ದೇನೋ ಆಯಿತು, ಆ ಗಾಡಿಯನ್ನು ನಾನು ಮುಟ್ಟಿದ್ದೆಲ್ಲಿ? ಒಂದು ಸಲ ನೋಲ್‌ನ ಸೀಟಿನಲ್ಲಿ ಕೂತೆ, ಕೀಲಿಯನ್ನೂ ತಿರುಗಿಸದೆ ಇಳಿದುಬಂದೆ. ಎಲ್ಲಾದರೂ ಗುದ್ದಿದೆನೋ, ಇನ್ನು ಐವತ್ತು ವರ್ಷ ಯಾವ ಹೆಂಗಸಿಗೂ ಕೀಲಿ ಕೊಡುವುದಿಲ್ಲ ಇವರು. ಕಡೆಗೆ ಗಾಡಿಯನ್ನು ಮೈದಾನಕ್ಕೆ ತಂದು ನಿಲ್ಲಿಸಿದವನು ಡ್ರೀಕೇ.

ನಿನ್ನೆ ಓಟದ ಬಾವುಟ ಬಿತ್ತು. ಕತ್ತು ತಿರುಗಿಸಿ, ಪೆಡಲ್ ಒತ್ತಿದೆ. ಹೊರಟಿತಲ್ಲೇ! ಗೇರಿಲ್ಲ, ಕ್ಲಚ್ಚಿಲ್ಲ, ಹೊಲಿಗೆ ಯಂತ್ರದ ಹಾಗೆ ಗುರ್ರೆನ್ನುತ್ತ ಹಿಂದಕ್ಕೆ ಹಿಂದಕ್ಕೆ. "ಇಷ್ಟೇನಾ? ಇಷ್ಟಕ್ಕಾ ಇಷ್ಟೊಂದು!" ಎಂದು ಒಳಗೇ ಕೂಗಿದೆ. ಗೆದ್ದೆ ಅಂದುಕೊಂಡೆಯಾ? ಇಲ್ಲ, ಮೂರನೆಯವಳು. ನಾಲ್ಕನೆಯವನು ನಮ್ಮ ಅಧ್ಯಕ್ಷ, ಹುಲ್ಲಿನ ಪೆಂಡಿಗಳೊಳಗೆ ನುಗ್ಗಿ ಕೂತಿದ್ದ. ನನ್ನ ಗಾಡಿಗೆ ಒಂದು ಗೀರೂ ಇಲ್ಲ. ಇಳಿದಾಗ ಹೋದ ಜೀವ ಬಂದ ಹಾಗಾಯಿತು ಕಣೆ. ಪೀರ್ ಬಿಯರ್ ತಂದುಕೊಟ್ಟು, "ಪರವಾಗಿಲ್ಲ ಬಿಡು, ಸ್ಟಿಯರಿಂಗ್ ನೆಟ್ಟಗೆ ಹಿಡೀತೀಯ," ಎಂದ. ಅವನ ಬಾಯಲ್ಲಿ ಅದೇ ದೊಡ್ಡದು. ರಾತ್ರಿ ಸೊಂಪಾಗಿ ನಿದ್ದೆ ಬಂತು, ಎಷ್ಟೋ ದಿನದ ಮೇಲೆ.

ಅಕ್ಟೋಬರಿನಲ್ಲಿ ಅದೇ ಗಾಡಿಯಲ್ಲಿ ನಿನ್ನಲ್ಲಿಗೆ ಬರುತ್ತೇನೆ, ಮುಂದಕ್ಕೇ ಓಡಿಸಿಕೊಂಡು. ದೇವರು ನಿನ್ನ ಮಂಡಿಗೆ ಬಲ ಕೊಡಲಿ, ಮಗಳ ಕಾಫಿಗೆ ಬಣ್ಣ ಕೊಡಲಿ, ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ
ರೀಟ್

ತಾ.ಕ.: ನೋಲ್‌ನನ್ನು ಮಣ್ಣು ಮಾಡಿದ ದಿನ ನೀನು ಕೇಳಿದೆ, ಎದೆನೋವು ಬಂದಾಗ ಆಂಬುಲೆನ್ಸ್ ಯಾಕೆ ಕರೆಸಲಿಲ್ಲ ಎಂದು. ಅವತ್ತು ಹೇಳದ್ದನ್ನು ಈಗ ಹೇಳುತ್ತೇನೆ. ಕರೆಸುತ್ತೇನೆ ಎಂದು ಅವನಿಗೆ ಹೇಳಿದೆ ಟ್ರೂಸ್. "ಗಾಡಿ ಬಾಗಿಲಲ್ಲೇ ಇದೆ, ಅವರಿಗ್ಯಾಕೆ ಕಾಯೋದು," ಎಂದು ತಾನೇ ಓಡಿಸಿದ. ಕಾಲುವೆಯ ಹತ್ತಿರ ನೋವು ಹೆಚ್ಚಾಗಿ, ಪಕ್ಕಕ್ಕೆ ತಂದು ನಿಲ್ಲಿಸಿದ. "ಈಚೆಗೆ ಬಾ, ನಾನು ಓಡಿಸ್ತೀನಿ," ಎಂದು ಅವನ ತೋಳು ಹಿಡಿದು ಎಳೆದೆ. "ತಡಿಯೇ, ಒಂದ್ನಿಮಿಷ ಸುಧಾರಿಸ್ಕೋತೀನಿ. ಕ್ಲಬ್ಬಿನವರು ಯಾರಾದ್ರೂ ನೋಡ್ತಾರೆ," ಎಂದ. ಅದೇ ಅವನ ಕೊನೆಯ ಮಾತು. ಸೇತುವೆ ದಾಟಿದ್ದರೆ ಆಸ್ಪತ್ರೆ ಸಿಗುತ್ತಿತ್ತು.