ಮೊದಲು ಟೀಚರ್‌ಗೆ

ಟೀಚರ್ ಅವರಿಗೆ ನಮಸ್ಕಾರ.

ನನ್ನ ಮಗಳಿಗೆ ಡಿಸ್ಲೆಕ್ಸಿಯಾ ಇದೆಯೆಂದು ಗುರುತಿಸಿ, ಓದಲು ಕಲಿಸಿದವರು ನೀವು. ನಾಲ್ಕು ವರ್ಷ ಬೈದು ಹೊಡೆದರೂ ನನ್ನಿಂದ ಅದು ಆಗಿರಲಿಲ್ಲ.

ಹೋದ ತಿಂಗಳು ನನ್ನ ಹೊಲಿಗೆ ಅಂಗಡಿಯ ಬೋರ್ಡನ್ನು ಅವಳೇ ಓದಿದಳು. ಅಪ್ಪಿಕೊಳ್ಳಲು ಹೋದರೆ, "ಇರಮ್ಮಾ, ಮೊದಲು ಟೀಚರ್‌ಗೆ ಹೇಳ್ಬೇಕು" ಎಂದಳು. ನನಗೆ ಹೊಟ್ಟೆ ಉರಿಯಿತು. ಜ್ವರವೆಂದು ಸುಳ್ಳು ಹೇಳಿ ಎರಡು ವಾರ ಅವಳನ್ನು ನಿಮ್ಮ ತರಗತಿಗೆ ಕಳಿಸಲಿಲ್ಲ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಲು ನೀವು ಕೊಟ್ಟ ಅರ್ಜಿಯನ್ನೂ ಬಟ್ಟೆಗಳಡಿ ಬಚ್ಚಿಟ್ಟೆ.

ನಿನ್ನೆ ಅವಳು ಪುಸ್ತಕ ಹಿಡಿದು ಬಂದು, "ನೀನೇ ಹೇಳ್ಕೊಡಮ್ಮಾ. ಆದ್ರೆ ಹೊಡೀಬೇಡ" ಎಂದಳು.

ಅರ್ಜಿಗೆ ಸಹಿ ಹಾಕಿ ಇದರೊಂದಿಗೆ ಇಟ್ಟಿದ್ದೇನೆ. ನಾಳೆಯಿಂದ ಬರುತ್ತಾಳೆ. ಅವಳು ಹೊಸದೇನಾದರೂ ಓದಿದ ದಿನ, "ಮನೆಗೆ ಹೋಗಿ ಅಮ್ಮನಿಗೂ ಓದಿ ಹೇಳು" ಎಂದು ಹೇಳಿ ಕಳಿಸಿ. ನಾನು ಹೇಳಿಸಿದ್ದೆಂದು ಗೊತ್ತಾಗುವುದು ಬೇಡ.

ಇಂತಿ,
ಅವಳ ತಾಯಿ