ನಮ್ಮ ದಡಕ್ಕೆ ಹಸಿರು ಬಣ್ಣ

ಕಡಲ ಕಡೆಯ ಮನೆ,
ಮಂಗಳವಾರ, ಊಟವಾದ ಮೇಲೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತೇ? ದಿನವಿಡೀ ಕಂಪ್ಯೂಟರನ್ನೇ ದಿಟ್ಟಿಸಿ ಕೂರಬೇಡ, ನಡುನಡುವೆ ಎದ್ದು ಮುಖ ತೊಳೆದುಕೋ. ಕಡಲಪಾಚಿ ಯಾವ ದಡಕ್ಕೆ ಯಾವಾಗ ಬಂದು ಬೀಳುತ್ತದೆ ಎಂದು ಲೋಕಕ್ಕೆಲ್ಲ ಮುನ್ಸೂಚನೆ ಕೊಡುವ ನನ್ನ ಮಗಳಿಗೆ ತನ್ನ ಊಟದ ಹೊತ್ತು ಮಾತ್ರ ತಿಳಿಯುವುದಿಲ್ಲ. ಅಮ್ಮನಿಗೇಕೆ ಈಗ ಕಾಗದದ ಹುಚ್ಚು ಎಂದು ನಗಬೇಡ. ಮನೆಯಲ್ಲಿರುವ ಒಂದೇ ಫೋನು ನಿನ್ನಪ್ಪನ ದಿಂಬಿನ ಕೆಳಗಿದೆ. ನಾನು ಮಾತಾಡಿದರೆ ಒಂದೊಂದು ಮಾತಿಗೂ ಕಿವಿಗೊಟ್ಟು ಮಲಗಿರುತ್ತಾರೆ.

ನಾನು ಚೆನ್ನಾಗಿದ್ದೇನೆ, ಅವರು ಚೆನ್ನಾಗಿಲ್ಲ. ಪಾಚಿ ಕೊಳೆತ ಗಾಳಿ ಈ ಸಲ ಮನೆಯೊಳಗೇ ಸಂಸಾರ ಹೂಡಿದೆ. ಕೆಟ್ಟ ಮೊಟ್ಟೆಯ ಆ ನಾತ ಅನ್ನದಲ್ಲೂ ಇದೆ, ಹೊದಿಕೆಯಲ್ಲೂ ಇದೆ. ನಲ್ಲಿ, ಚಿಲಕ, ನೀನು ಕೊಡಿಸಿದ ಬೆಳ್ಳಿ ಸರ, ಎಲ್ಲ ಕಪ್ಪಾದವು. ಪಕ್ಕದ ಮನೆಯವರು ಊರು ಬಿಟ್ಟರು. ಹೋಗುವಾಗ ತಮ್ಮ ಬೆಕ್ಕನ್ನು ನನ್ನ ತಲೆಗೆ ಕಟ್ಟಿದರು. ಪಾಪ, ಅದಕ್ಕೂ ಕೆಮ್ಮು. "ಇಲ್ಲೇ ಇದ್ರೆ ನಾನು ಕೊಡೋ ಔಷಧಿ ದಂಡ, ಮೊದ್ಲು ಮನೆ ಬಿಡಿ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಗುಡ್ಡದ ಮೇಲಿರುವ ನಿನ್ನ ಚಿಕ್ಕಮ್ಮ ಒಂದು ಕೋಣೆಯನ್ನೂ ಖಾಲಿ ಮಾಡಿಟ್ಟಿದ್ದಾಳೆ.

ಆದರೆ ಇವರು ಜಪ್ಪಯ್ಯ ಎಂದರೂ ಏಳುವುದಿಲ್ಲ. ಪ್ರತಿ ಭಾನುವಾರ ನಿನ್ನ ಆಫೀಸಿನ ನಕ್ಷೆ ಫೋನಿಗೆ ಬಂದ ಕೂಡಲೇ ಕನ್ನಡಕ ಹಾಕಿಕೊಳ್ಳುತ್ತಾರೆ. ಪಾಚಿ ಬೀಳುವ ದಡಕ್ಕೆಲ್ಲ ಕೆಂಪು, ನಮ್ಮದಕ್ಕೆ ಮಾತ್ರ ಹಸಿರು. "ನೋಡು, ಮಗಳೇ ಹಸಿರು ಹಾಕಿದಾಳೆ. ನೀನ್ಯಾರೇ ಹೇಳೋಕೆ?" ಎಂದು ನನ್ನ ಬಾಯಿ ಮುಚ್ಚಿಸಿ, ಆಮೇಲೆ ಉಸಿರು ಸಿಗದೆ ಮಂಚದ ಪಟ್ಟಿ ಹಿಡಿದುಕೊಳ್ಳುತ್ತಾರೆ. ಕಿಟಕಿಯಾಚೆ ಪಾಚಿ ಮೊಣಕಾಲುದ್ದ ಬಿದ್ದಿದೆ. ಹಸಿರು ದಡ ಎಂದು ಅದನ್ನು ಎತ್ತುವ ಟ್ರ್ಯಾಕ್ಟರೂ ಈ ಕಡೆ ತಲೆ ಹಾಕಲಿಲ್ಲ.

ಇದು ನಿನ್ನ ತಪ್ಪಲ್ಲ ಮಗಳೇ. "ಉಪಗ್ರಹ ಮೇಲಿಂದ ತೆಗೆದ ಚಿತ್ರದಲ್ಲಿ ದಡದ ಅಂಚು ಸರಿಯಾಗಿ ಕಾಣಲ್ಲಮ್ಮಾ, ಅಲ್ಲಿರೋರೇ ಫೋಟೋ ಕಳಿಸ್ಬೇಕು" ಎಂದು ನೀನೇ ಅಡುಗೆಮನೆಯಲ್ಲಿ ಹೇಳಿದ್ದೆಯಲ್ಲ, ಅಂದಿನಿಂದ ಆ ಕೆಲಸ ಅವರದು. ಜೀವಮಾನವೆಲ್ಲ ದೋಣಿ ಎಂಜಿನ್ ರಿಪೇರಿ ಮಾಡಿದವರಿಗೆ ಮಗಳ ಆಫೀಸಿನ ಕೆಲಸ ಸಿಕ್ಕಿತೆಂದು ಎಲ್ಲಿಲ್ಲದ ಹಿಗ್ಗು. ಮೊದಲ ಫೋಟೋ ನೋಡಿ ನೀನು "ಅಪ್ಪಾ, ನಮ್ಮ ದಡ ಒಂದಾದ್ರೂ ಉಳೀತಲ್ಲ" ಎಂದು ಫೋನಿನಲ್ಲೇ ಅತ್ತುಬಿಟ್ಟೆ. ಆಗ ದಡ ನಿಜಕ್ಕೂ ಚೊಕ್ಕಟವಾಗಿತ್ತು. ಅವತ್ತು ಅವರ ಕಾಲು ನೆಲದ ಮೇಲಿರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ತಣ್ಣಗಿರು, ತಾಯೀ.

ನಿನ್ನ
ಅಮ್ಮ

ಮರೆತೆನೆಂದು ಸುಳ್ಳು ಹೇಳಲಾರೆ, ಇದನ್ನು ಬರೆಯಲು ಕೈ ಏಳಲಿಲ್ಲ. ಎದುರು ಮನೆ ಟೀಚರು ಕಾಗದ ಅಂಚೆಗೆ ಹಾಕಲು ಬಾಗಿಲಲ್ಲಿ ಕಾಯುತ್ತಿದ್ದಾರೆ. ದೋಣಿ ಶೆಡ್ಡಿನ ಹಿಂದೆ ಬಂಡೆಯ ಮರೆಯಲ್ಲಿ ಎರಡು ಚಾಪೆಯಗಲ ಮರಳಿಗೆ ಪಾಚಿ ಬರುವುದಿಲ್ಲ. ಅಪ್ಪ ಇಷ್ಟು ದಿನ ಕಳಿಸಿದ್ದು ಅದೊಂದೇ ಮೂಲೆಯ ಫೋಟೋ. ನಿನ್ನ ಸಂತೋಷ ಕೆಡಬಾರದೆಂದು ಶುರು ಮಾಡಿದರು, ಕೊನೆಗೆ ನೀನು ಬಳಿದ ಹಸಿರನ್ನು ತಾವೇ ನಂಬಿದರು. ಇವತ್ತು ಮಂಚದಿಂದ ಇಳಿಯಲಾಗದೆ "ಆ ಮೂಲೇಲೇ ತೆಗಿ" ಎಂದು ಫೋನು ನನ್ನ ಕೈಗಿಟ್ಟರು. ನಾನು ನಮ್ಮ ಹೊಸ್ತಿಲಲ್ಲಿ ನಿಂತು ಎದುರಿನ ಪಾಚಿಯ ಫೋಟೋ ತೆಗೆದು ಕಳಿಸಿದ್ದೇನೆ; ಅವರ ಕಿವಿ ಇತ್ತಲೇ ಇತ್ತು, ನಿನ್ನೊಡನೆ ಮಾತಾಡಲಾಗಲಿಲ್ಲ. ಬೇರೆ ಯಾವುದೋ ದಡದ್ದು ತಪ್ಪಿ ಬಂದಿದೆ ಎಂದು ಅದನ್ನು ಪಕ್ಕಕ್ಕೆ ಸರಿಸಬೇಡ. ಕೆಂಪು ಹಾಕು. ಕೆಂಪು ಕಂಡರೆ ಅವರು ಏಳುತ್ತಾರೆಂಬ ಆಸೆ ನನಗಿಲ್ಲ, ಏಳುವಷ್ಟು ಉಸಿರು ಉಳಿದಿಲ್ಲ. ಉಳಿದವರ ಮನೆಗಾದರೂ ಟ್ರ್ಯಾಕ್ಟರು ಬರಲಿ. ನೀನು ಭಾನುವಾರದ ನಕ್ಷೆಗೆ ಕಾಯದೆ ಹೊರಟು ಬಾ. ಬಂದಾಗ ಅಪ್ಪನಿಗೆ ಮಾತ್ರ ದಡ ಚೆನ್ನಾಗಿದೆ ಎಂದುಬಿಡು.