ಬೆಚ್ಚಗಿದ್ದ ಗೋಡೆ

ಮನೆಯೊಡತಿ ಅಜ್ಜಿಯವರಿಗೆ, ಹಿಂದಿನ ಕೋಣೆಯ ಬಾಡಿಗೆಯವನ ನಮಸ್ಕಾರ.

ಕೋಣೆಯಲ್ಲಿ ನಾನು ಕಟ್ಟಿ ಪರೀಕ್ಷಿಸುತ್ತಿರುವ ಯಂತ್ರ ಗ್ಯಾಸನ್ನು ಉರಿಸದೆ, ರಾಸಾಯನಿಕ ಕ್ರಿಯೆಯಿಂದಲೇ ಕರೆಂಟ್ ಮಾಡುತ್ತದೆ, ಆದರೂ ಒಳಗೆ ಕುಲುಮೆಯಷ್ಟು ಕಾವು. ಅದು ಸೋರಿ ನಮ್ಮಿಬ್ಬರ ನಡುವಿನ ಗೋಡೆ ಬೆಚ್ಚಗಿರುತ್ತಿತ್ತು. "ಇದಕ್ಕೆ ಒರಗಿದ್ರೆ ಸೊಂಟನೋವು ಮಾಯ ಕಣಪ್ಪ" ಎಂದು ನೀವು ಹೇಳಿದಾಗ ಸುಮ್ಮನೆ ನಕ್ಕಿದ್ದೆ.

ಹೋದ ವಾರ ಸೋರಿಕೆ ನಿಲ್ಲಿಸಲು ಯಂತ್ರಕ್ಕೆ ದಪ್ಪ ಹೊದಿಕೆ ಸುತ್ತಿದೆ. ಅಷ್ಟೇ ಗ್ಯಾಸಿಗೆ ಹೆಚ್ಚು ಕರೆಂಟ್ ಬಂತು, ಜೊತೆಗೆ ಕೆಲಸ ಮಾಡುವವರೆಲ್ಲ ಬೆನ್ನು ತಟ್ಟಿದರು. ನಿನ್ನೆ ನಲ್ಲಿಯ ಹತ್ತಿರ ನಿಮ್ಮ ಸೊಸೆ, "ಅತ್ತೆಗೆ ಏಳೋಕೇ ಆಗ್ತಿಲ್ಲ, ವಯಸ್ಸಾಯ್ತಲ್ಲ" ಎಂದರು. ಕೋಣೆಗೆ ಬಂದು ಗೋಡೆ ಮುಟ್ಟಿ ನೋಡಿದೆ, ತಣ್ಣಗಿತ್ತು.

ಗೋಡೆಗೊಂದು ತೂತು ಕೊರೆಯಲು ಒಪ್ಪಿಗೆ ಕೊಡಿ. ಯಂತ್ರದ ಬಿಸಿಯಲ್ಲೇ ನೀರು ಕಾಯಿಸಿ, ನೀವು ಒರಗುವ ಜಾಗಕ್ಕೆ ಕೊಳವೆಯಲ್ಲಿ ಹರಿಸುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಊರುಗೋಲು ಕೊಳ್ಳಬೇಡಿ. ಹೋದ ವಾರ ನಿಮಗೆ ಎಷ್ಟು ವಯಸ್ಸಾಗಿತ್ತೋ ಈಗಲೂ ಅಷ್ಟೇ ಆಗಿದೆ.

ಇಂತಿ,
ನಿಮ್ಮ ಗೋಡೆಯ ಕಾವು ಕದ್ದವನು